ಸುರಂಗದ ನೀರು: ಗಡಿನಾಡಿನ ಎಳೆಯರಿಗೆ ಹೇಳಬೇಕಾದ ಒಂದು ಚರಿತ್ರೆ

ಶುದ್ಧವಾದ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂಬ ವಾಕ್ಯವನ್ನು ನಾವೆಲ್ಲರೂ ಪ್ರಾಥಮಿಕ ತರಗತಿಗಳಲ್ಲಿ ಕಲಿತವರು, ಕಲಿಸಿದವರು. ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಕೇಳಿದ ಮಗು ತನ್ನಷ್ಟಕ್ಕೆ ಅದನ್ನು ತಿರುವಿಹಾಕಿಕೊಳ್ಳುತ್ತದೆ: ಯಾವ ನೀರಿಗೆ ಬಣ್ಣ, ವಾಸನೆ, ರುಚಿಗಳಿಲ್ಲವೋ ಅದು ಶುದ್ಧವಾದ ನೀರು ಎಂದು ತಿಳಿಯುತ್ತದೆ. ಕಾಸರಗೋಡು ಸೀಮೆಯ ಪೂರ್ವಭಾಗದ, ಎಂದರೆ ಎಣ್ಮಕಜೆ, ಪಡ್ರೆ, ಸ್ವರ್ಗ, ವಾಣೀನಗರಗಳ ಕಡೆಯ ಶಾಲೆಗಳಲ್ಲಿ ಈ ತಿರುವುಮುರುವನ್ನು ತಿದ್ದದೆ ಮುಂದಿನ ಪಾಠಕ್ಕೆ ಹೋಗುವುದು ಉಪಾಧ್ಯಾಯರಿಗೆ ಒಪ್ಪುವ ಮಾತಲ್ಲ. ಏಕೆಂದರೆ ಆ ಊರುಗಳ ನೀರು ಕನ್ನಡಿಯಂತೆ ತಿಳಿಯಾಗಿದ್ದ ಕಾಲದಲ್ಲಿಯೇ ವಿಷದ ಸಂಶಯಕ್ಕೆ ಒಳಗಾಯಿತು. ಈ ಕಥೆಯನ್ನು ಎಳೆಯ ಮಕ್ಕಳಿಗೆ ಯಾವ ಕ್ರಮದಲ್ಲಿ, ಎಷ್ಟರಮಟ್ಟಿಗೆ ಹೇಳಬಹುದೆಂಬುದೇ ನಮ್ಮ ಪ್ರಕೃತ ವಿಚಾರ. ಅದಕ್ಕೆ ಮೊದಲು ಕಥೆಯನ್ನೇ ತಕ್ಕಷ್ಟು ವಿವರವಾಗಿ ನೋಡಬೇಕು.

ಕಾಸರಗೋಡು ಮಳೆಗೆ ಬಡವಾದ ನಾಡಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಹನ್ನೆರಡು ನದಿಗಳು ಈ ಜಿಲ್ಲೆಯಲ್ಲಿ ಹರಿಯುತ್ತವೆ. ಆದರೆ ಮಳೆಯ ಬಹುಪಾಲು ಆಷಾಢ ಶ್ರಾವಣಗಳಲ್ಲಿಯೇ ಸುರಿದುಹೋಗುತ್ತದೆ, ಗುಡ್ಡದ ಇಳಿಜಾರಿನಲ್ಲಿ ಧುಮುಕಿ ಕೆಲವೇ ಗಂಟೆಗಳಲ್ಲಿ ಕಡಲನ್ನು ಸೇರುತ್ತದೆ. ಉಳಿದದ್ದು ಮುರಕಲ್ಲಿನೊಳಗೆ ಇಳಿಯುತ್ತದೆ. ಈ ಮುರಕಲ್ಲಿಗೆ ವಿಜ್ಞಾನದ ಹೆಸರು ಬಂದುದೂ ನಮ್ಮ ಕರಾವಳಿಯಿಂದಲೇ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಹೊಸದಾಗಿ ಕೈಸೇರಿದ ಸೀಮೆಗಳನ್ನು ನೋಡಿಬರಲು ಕಂಪೆನಿ ಸರಕಾರವು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. ಅವನು ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, ನೆಲದೊಳಗೆ ಇರುವಾಗ ಕತ್ತಿಯಿಂದಲೂ ಕಡಿಯುವಷ್ಟು ಮೆದುವಾಗಿದ್ದು ಗಾಳಿ ಬಿಸಿಲು ತಗುಲಿದ ಮೇಲೆ ಗಟ್ಟಿಯಾಗುವ ಗುಣವನ್ನು ಗಮನಿಸಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ‘ಲ್ಯಾಟರೈಟ್’ ಎಂದು ಕರೆದನು. 1801ರಲ್ಲಿ ಅವನು ಹೊಸದುರ್ಗ, ಕುಂಬಳೆ, ಮಂಜೇಶ್ವರಗಳ ದಾರಿಯಾಗಿ ಮಂಗಳೂರಿಗೆ ಬಂದನು. ಪ್ರವಾಸದ ವರದಿ 1807ರಲ್ಲಿ ಅಚ್ಚಾಯಿತು. ಮುರಕಲ್ಲಿನ ಈ ಗುಣವನ್ನು ನಮ್ಮ ಊರಿನ ಕಲ್ಲು ಕಡಿಯುವವರು ಬುಕಾನನ್ ಹೇಳಿ ತಿಳಿದವರಲ್ಲ. ಮನೆ ಕಟ್ಟುವುದಕ್ಕೂ ನೀರು ತೆಗೆಯುವುದಕ್ಕೂ ಅವರು ಅದನ್ನು ಬಳಸಿಕೊಂಡಿದ್ದರು.

ಸುರಂಗವೆಂದರೆ ಅಡ್ಡ ಮಲಗಿಸಿದ ಬಾವಿ. ಗುಡ್ಡದ ಬದಿಯಲ್ಲಿ ಒಬ್ಬ ಆಳು ನಿಂತು ಪಿಕ್ಕಾಸು ಬೀಸುವಷ್ಟು ಮಾತ್ರ ಎಡೆಮಾಡಿ, ಆರಡಿ ಎತ್ತರ, ಒಂದೂವರೆಯಿಂದ ಎರಡಡಿ ಚಿಲ್ಲರೆ ಅಗಲದಲ್ಲಿ ಒಳಕ್ಕೆ ಕೊರೆಯುತ್ತ ಹೋಗುವುದು. ಒಳಹೋದಂತೆ ನೆಲವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಹಾಗೆ ಮಾಡಿದರೆ ಕಲ್ಲಿನ ಸೆರೆಗಳಿಂದ ಜಿನುಗಿದ ನೀರು ಏತವಿಲ್ಲದೆ, ಹಗ್ಗ ರಾಟೆಗಳಿಲ್ಲದೆ ತಾನಾಗಿ ಹೊರಬರುತ್ತದೆ. ಕೆಲಸವನ್ನು ಅಳೆಯುವುದು ಕೋಲಿನಿಂದ; ಕೋಲೆಂದರೆ ಎರಡೂವರೆ ಅಡಿ. ಒಬ್ಬನು ಒಳಗೆ ಕಡಿದರೆ ಇನ್ನೊಬ್ಬನು ಮಣ್ಣನ್ನು ಹೊರಗೆ ಸಾಗಿಸುತ್ತಾನೆ. ಒಳಗೆ ದೀಪವೊಂದು ಉರಿಯುತ್ತಿರಬೇಕು. ಅದು ಬೆಳಕಿಗಾಗಿ ಮಾತ್ರವಲ್ಲ. ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಆಳು ಹಿಂದೆ ಬರಬೇಕು. ಬಹಳ ಉದ್ದವಾದ ಸುರಂಗಕ್ಕೆ ಮೇಲಿನಿಂದ ಗಾಳಿಗಂಡಿಯನ್ನು ಇಳಿಸುವುದುಂಟು. ಹೊರಬಂದ ನೀರನ್ನು ಹಿಂದೆ ಅಡಿಕೆ ಮರದ ದಂಬೆಯಲ್ಲಿ ಹರಿಸಿ ಮಣ್ಣಿನ ಕೆರೆಗೆ ತುಂಬುತ್ತಿದ್ದರು; ಈಗ ಕೊಳವೆ. ಕೆರೆ ತುಂಬಿದ ಮೇಲೆ ತೋಟಕ್ಕೆ ಬಿಡುವುದು. ಬಾಯಿಯ ಬಳಿ ಬೀಳುವ ಧಾರೆಯಿಂದ ಅಡಿಗೆಗೂ ಕುಡಿಯುವುದಕ್ಕೂ ಹಿಡಿಯುವುದು.

ಎಲ್ಲಿ ಕೊರೆಯಬೇಕೆಂಬುದೇ ದೊಡ್ಡ ವಿದ್ಯೆ. ಹುತ್ತ ಎದ್ದಿರುವ ಜಾಗ, ಬೇಸಗೆಯಲ್ಲಿಯೂ ಹಸುರಾಗಿ ನಿಲ್ಲುವ ಗಿಡಮರ, ಮಣ್ಣಿನ ತಂಪು ಇವುಗಳ ಗುರುತಿನಿಂದ ಅನುಭವಿಗಳು ಜಾಗವನ್ನು ಸೂಚಿಸುತ್ತಿದ್ದರು. ಎಲ್ಲ ಸುರಂಗಗಳಲ್ಲಿಯೂ ನೀರು ಸಿಕ್ಕಿತೆಂದು ಹೇಳಲಾಗದು. ದಕ್ಷಿಣ ಕನ್ನಡದ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗದ ಮೇಲೆ ಸುರಂಗವನ್ನು ಕೊರೆದು, ಹಲವು ಬರಿದಾಗಿಯೇ ಹೋದ ಮೇಲೂ ಬಿಡದೆ ಕೊರೆದು ನೀರು ಕಂಡವರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಇಷ್ಟು ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಗಂಗಾವತರಣದ ಕಥೆ ಕೇಳಿದ ಮಗುವಿಗೆ ನೆರೆಯೂರಿನಲ್ಲಿಯೇ ಒಬ್ಬ ಭಗೀರಥನು ಇರುವುದು ಗೊತ್ತಾಗಬೇಕಷ್ಟೆ.

ಸುರಂಗವೆಂಬ ಮಾತಿನ ವಿಷಯದಲ್ಲಿಯೂ ಸ್ವಲ್ಪ ಹೇಳಬಹುದು. ಸಂಸ್ಕೃತದ ‘ಸುರುಂಗಾ’ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಅದು ಕೊಳವೆ, ಕೊಳಲು ಎಂಬರ್ಥದ ಗ್ರೀಕ್ ಮಾತಿನಿಂದ ಬಂದುದೆಂದು ಕೆಲವು ವಿದ್ವಾಂಸರ ಮತ. ಮಲೆಯಾಳದಲ್ಲಿ ಇದೇ ‘ತುರಂಗಂ’ ಆಗಿದೆ. ನೆಲದೊಳಗೆ ಅಡ್ಡವಾಗಿ ನೀರು ಹರಿಸುವ ವಿದ್ಯೆ ಪರ್ಶಿಯ ದೇಶದಲ್ಲಿ ಪ್ರಾಚೀನವಾದುದು. ಬಹಮನಿ ಅರಸರ ಕಾಲದ ಬೀದರಿನ ಕಾರೇಜು, ವಿಜಾಪುರಕ್ಕೆ ತೊರವಿಯ ಕಡೆಯಿಂದ ನೀರು ತಂದ ಆದಿಲಶಾಹಿಗಳ ಸುರಂಗ ಬಾವಿ ಇವು ಆ ಪರಂಪರೆಗೆ ಸೇರಿದುವು. ನಮ್ಮ ಸುರಂಗವನ್ನೂ ಅವುಗಳ ಮರಿಯೆಂದು ಕೆಲವರು ಊಹಿಸುತ್ತಾರೆ. ನಮಗೆ ಈ ಊಹೆಯಲ್ಲಿ ಅಷ್ಟು ನಂಬಿಕೆಯಿಲ್ಲ. ಕಾರೇಜು ಅರಸನ ಕೆಲಸ. ಅದಕ್ಕೆ ತಾಯಿಬಾವಿ, ಸಾಲು ಗಂಡಿ, ಕಾವಲು, ಪಟ್ಟಣವೆಲ್ಲ ಬೇಕು. ಸುರಂಗವು ಒಂದು ಮನೆಯ ಕೆಲಸ. ಎರಡಾಳು, ಒಂದು ದೀಪ, ಒಂದು ಪಿಕ್ಕಾಸು ಸಾಕು. ಮುರಕಲ್ಲನ್ನು ಕಡಿಯುತ್ತ ಬದುಕಿದ ಜನಕ್ಕೆ ಈ ಉಪಾಯ ಹೊಳೆಯಲು ಪರ್ಶಿಯದ ಗುರು ಬೇಕಾಗಿರಲಿಲ್ಲವೆಂದು ತೋರುತ್ತದೆ.

ಮನೆಯ ಕೆಲಸವೆಂದ ಕೂಡಲೆ ಇನ್ನೊಂದು ಪ್ರಶ್ನೆ ಏಳುತ್ತದೆ: ಯಾರ ಮನೆಯ? ನೀರಿನ ಪಾಠದಲ್ಲಿ ಈ ಪ್ರಶ್ನೆಯನ್ನು ದಾಟಿಹೋಗುವುದು ಬಹುಕಾಲದ ವಾಡಿಕೆ. ಸುರಂಗವು ತೋಟದ ಒಡೆಯನ ನೆಲದಲ್ಲಿದ್ದರೆ ನೀರೂ ಅವನದೇ. ಅದನ್ನು ಕೊರೆದ ಕೈಗಳು ಎಷ್ಟೋ ಕಡೆ ಆ ಧಾರೆಯಿಂದ ತಾವಾಗಿ ನೀರು ಹಿಡಿಯುವಂತಿರಲಿಲ್ಲ. ಮೇಲಿನಿಂದ ಯಾರಾದರೂ ಹೊಯ್ದರೆ ಉಂಟು, ಇಲ್ಲವಾದರೆ ತೋಡಿನ ನೀರು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಅದರಲ್ಲಿ ಚೋಮನ ಮಗ ನೀಲನು ಹೊಳೆಯಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು ದಡದಲ್ಲಿದ್ದವರು ಕೈಚಾಚುವುದಿಲ್ಲ. ಕಾದಂಬರಿಯೆಂದು ಅದನ್ನು ಬದಿಗಿಡುವವರಿಗೆ ಡಾ. ಅಂಬೇಡ್ಕರರ ಬಾಲ್ಯವಿದೆ. ಸಾತಾರದ ಶಾಲೆಯಲ್ಲಿ ನಲ್ಲಿಯನ್ನು ಅವರು ಮುಟ್ಟುವಂತಿರಲಿಲ್ಲ. ಜವಾನನು ಬಂದು ತಿರುಗಿಸಬೇಕು, ಜವಾನನಿಲ್ಲದ ದಿನ ನೀರಿಲ್ಲ. 1901ರಲ್ಲಿ ಅವರು ಅಣ್ಣನೊಡನೆಯೂ ಅಕ್ಕನ ಮಕ್ಕಳೊಡನೆಯೂ ತಂದೆಯಿದ್ದ ಊರಿಗೆ ಗಾಡಿಯಲ್ಲಿ ಹೊರಟು, ಕಟ್ಟಿಕೊಂಡ ಬುತ್ತಿಯಿದ್ದರೂ ಕುಡಿಯಲು ನೀರು ಕೊಡುವವರಿಲ್ಲದೆ ರಾತ್ರಿಯಿಡೀ ಹಸಿದು ಕಳೆದುದನ್ನು ಮುಂದೆ ತಾವೇ ಬರೆದಿದ್ದಾರೆ. 1927ರ ಮಾರ್ಚಿ 20ರಂದು ಮಹಾಡದ ಚವದಾರ ಕೆರೆಗಿಳಿದು ಬೊಗಸೆಯಲ್ಲಿ ನೀರು ಕುಡಿದವರು ಈ ಹುಡುಗನೇ. ಆ ಕೆರೆಯ ವ್ಯಾಜ್ಯ ಮುಂಬಯಿ ಉಚ್ಚನ್ಯಾಯಾಲಯದಲ್ಲಿ ತೀರ್ಮಾನವಾಗಲು 1937ರವರೆಗೆ ಕಾಯಬೇಕಾಯಿತು. ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಹಿಡಿದು ಹೇಳಿರುವುದು ಸುಮ್ಮನೆ ಅಲ್ಲ.

ನಮ್ಮ ಸೀಮೆಯವರೇ ಆದ ಕುದ್ಮುಲ್ ರಂಗರಾಯರನ್ನು ಇಲ್ಲಿ ನೆನೆಯಬೇಕು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನು ಸಹಿಸಿದವರು ಅವರು. ಯಾವ ಮಗುವಿಗೆ ಶಾಲೆಯ ಬಾಗಿಲು ತೆರೆಯಲಿಲ್ಲವೋ ಅದಕ್ಕೆ ಶಾಲೆಯ ಬಾವಿಯೂ ತೆರೆದಿರಲಿಲ್ಲ.

ಇನ್ನು ಕಥೆಯ ಎರಡನೆಯ ಭಾಗ. 1956ರ ನವೆಂಬರ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆ ವಿಚಾರವನ್ನು ಈ ಬಗೆಯ ಸಂಚಿಕೆಗಳಲ್ಲಿ ಸಾಕಷ್ಟು ಬರೆದಾಗಿದೆ, ಇಲ್ಲಿ ಬೇಡ. ಬಳಿಕ ಪೂರ್ವದ ಗುಡ್ಡಗಳ ಮೇಲೆ ಸರಕಾರದ ವತಿಯಿಂದ ಗೇರು ತೋಟಗಳು ಎದ್ದುವು, ಅವು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಆಡಳಿತಕ್ಕೆ ಬಂದುವು. ಗೇರಿನ ಚಿಗುರನ್ನೂ ಹೂವನ್ನೂ ಹೀರುವ ‘ಟೀ ಸೊಳ್ಳೆ’ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಔಷಧವನ್ನು ಸಿಂಪಡಿಸಲಾಯಿತು. ಔಷಧವೆಂದು ನಾವು ಅಭ್ಯಾಸಬಲದಿಂದ ಬರೆದೆವು. ತೋಟಗಾರರ ಬಾಯಲ್ಲಿ ಕೀಟನಾಶಕಕ್ಕೆಲ್ಲ ‘ಮದ್ದು’ ಎಂದೇ ಹೆಸರು. ಜ್ವರದ ಮಗುವಿಗೆ ಕೊಡುವುದೂ ಮದ್ದು, ಹೆಲಿಕಾಪ್ಟರಿನಿಂದ ಬೀಳುವುದೂ ಮದ್ದು. ಮಕ್ಕಳೊಡನೆ ಮಾತಾಡುವಾಗ ಈ ಶಬ್ದವನ್ನು ಬಿಡಿಸಿ ಹೇಳುವುದು ಪಾಠದ ಮೊದಲ ಹೆಜ್ಜೆಯಾಗಬೇಕು.

ಗೇರು ತೋಟ ಗುಡ್ಡದ ತಲೆಯಲ್ಲಿ. ಮನೆ, ಸುರಂಗ, ತೋಡು, ಅಡಿಕೆ ತೋಟಗಳೆಲ್ಲ ಬುಡದಲ್ಲಿ. ಗುಡ್ಡದ ತಲೆಯ ಮೇಲೆ ಬಿದ್ದ ಮಳೆಯೇ ಕೆಳಗಿನ ಸುರಂಗದಲ್ಲಿ ಬರುವ ನೀರು. ನೂರಾರು ವರ್ಷ ಗುಡ್ಡವೇ ನೀರಿನ ಕಣಜವಾಗಿದ್ದುದು ಹೀಗೆ ವಿಷವೂ ಇಳಿಯುವ ದಾರಿಯಾಯಿತು. ಸಿಂಪರಣೆಗೆ ಮುಂಚೆ ನೀರಿನ ನೆಲೆಗಳನ್ನು ಮುಚ್ಚಬೇಕೆಂದು ನಿಯಮವಿತ್ತು. ಬಾವಿಗೆ ಮಡಲು ಹೊದಿಸಬಹುದು. ಹರಿಯುವ ತೋಡಿಗೆ, ಕೆರೆಗೆ, ದಂಬೆಗೆ ಏನನ್ನು ಹೊದಿಸುವುದು? ಎಂಡೋಸಲ್ಫಾನ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವಲ್ಲ. ಮಣ್ಣಿಗೂ ಕೆಸರಿಗೂ ಅಂಟಿಕೊಂಡು, ಸ್ವಲ್ಪ ರೂಪ ಬದಲಿಸಿ, ಬಹುಕಾಲ ಉಳಿಯುತ್ತದೆ. ಅದು ಅಲ್ಪ ಪ್ರಮಾಣದಲ್ಲಿದ್ದಾಗ ಕಣ್ಣಿಗೂ ಕಾಣದು, ನಾಲಗೆಗೂ ತಿಳಿಯದು.

ಊರಿನಲ್ಲಿ ಏನೋ ಕೆಟ್ಟಿದೆಯೆಂಬುದು ಮೊದಲು ತಿಳಿದದ್ದು ಹಟ್ಟಿಯಲ್ಲಿ. ಅಂಗವಿಕಲವಾದ ಕರುಗಳು ಹುಟ್ಟಿದುವು. ಜೇನು ಮಾಯವಾಯಿತು. ಪಡ್ರೆಯವರೇ ಆದ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಬಹು ಮುಂಚೆಯೇ ಈ ಬಗೆಗೆ ಲೇಖನಿ ಎತ್ತಿದರು. ವಾಣೀನಗರದಲ್ಲಿ 1980ರ ದಶಕದಿಂದ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನಕುಮಾರರು ಇಷ್ಟು ಸಣ್ಣ ಊರಿನಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟುವಿಕಲತೆ, ಕ್ಯಾನ್ಸರುಗಳು ಇಷ್ಟೇಕೆಂದು ಕೇಳಿಕೊಂಡು, ರೋಗಿಗಳ ಮನೆಗಳನ್ನು ತೋಡಿನ ದಾರಿಯೊಡನೆ ಹೋಲಿಸಿ ನೋಡಿದರು. ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿಯಮ್ಮನವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ಆಕಾಶದ ಸಿಂಪರಣೆಗೆ ತಡೆ ತಂದರು. ಒಬ್ಬ ಬರೆಹಗಾರ, ಒಬ್ಬ ಹಳ್ಳಿಯ ವೈದ್ಯ, ಕೃಷಿ ಇಲಾಖೆಯ ಒಬ್ಬ ನೌಕರೆ: ಈ ಚರಿತ್ರೆಯ ಮುಂದಾಳುಗಳು ಇಂಥವರು. 2000ದ ಡಿಸೆಂಬರಿನ ಬಳಿಕ ಹೆಲಿಕಾಪ್ಟರು ಬರಲಿಲ್ಲ.

2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತ, ಹಾಲುಗಳ ಮಾದರಿಗಳಲ್ಲಿ ಎಂಡೋಸಲ್ಫಾನ್ ಕಂಡಿತೆಂದು ಪ್ರಕಟಿಸಿತು. ತಯಾರಕರ ಕಡೆಯವರು ಅಲ್ಲಗಳೆದರು. ಅದೇ ಹೊತ್ತಿಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪರೀಕ್ಷಿಸಿದುದು ಶಾಲೆಯ ಹುಡುಗರನ್ನು. ಗೇರು ಗುಡ್ಡದ ಬುಡದ ಊರಿನ, 10ರಿಂದ 19 ವರ್ಷದ 117 ಮಂದಿ ಹುಡುಗರನ್ನು, ಸಿಂಪರಣೆಯಿಲ್ಲದ ಬೇರೊಂದು ಊರಿನ 90 ಮಂದಿಯೊಡನೆ ಹೋಲಿಸಿದರು. ಸಿಂಪರಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಮೊದಲಿನವರ ರಕ್ತದಲ್ಲಿ ಆ ವಸ್ತು ಹೆಚ್ಚಾಗಿತ್ತು. ಅವರು ಪ್ರಾಯಕ್ಕೆ ಬರುವುದೂ ನಿಧಾನವಾದಂತೆ ಕಂಡಿತು. ಈ ಲೇಖನ 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಊರಿನ ಯಾವ ಯಾವ ರೋಗಕ್ಕೆ ಈ ವಿಷವೇ ಕಾರಣ, ಯಾವುದಕ್ಕೆ ಅಲ್ಲ ಎಂಬ ಚರ್ಚೆ ವೈದ್ಯರಲ್ಲಿ ಮುಗಿದಿಲ್ಲ. ಉಪಾಧ್ಯಾಯರು ಆ ತೀರ್ಪನ್ನು ಕೊಡಲು ಹೋಗಬೇಕಾಗಿಲ್ಲ. ಆದರೆ ನಮ್ಮ ಬೆಂಚುಗಳ ಮೇಲೆ ಕುಳಿತಿದ್ದ ಹುಡುಗರ ರಕ್ತದಲ್ಲಿ ಗೇರು ತೋಟದ ವಿಷ ಅಳತೆಗೆ ಸಿಕ್ಕಿತೆಂಬುದು ಚರಿತ್ರೆ. ಅದನ್ನು ಪಾಠಪುಸ್ತಕದಲ್ಲಿ ಇಲ್ಲವೆಂಬ ಕಾರಣಕ್ಕೆ ಬಿಡಲಾಗದು.

ಮುಂದಿನದು ಕಾನೂನಿನ ಕಥೆ. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಲ್ಲಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದುವು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ತಡೆಯಿತ್ತಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆಯಾಯಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ 3704 ಮಂದಿಯಲ್ಲಿ ಹಣ ಸಂದುದು 8 ಮಂದಿಗೆ. ಆಮೇಲೆ ವಿತರಣೆ ಚುರುಕಾಯಿತು. ಸರಕಾರದ ಪಟ್ಟಿಯಲ್ಲಿರುವ ಬಾಧಿತರ ಸಂಖ್ಯೆ ಆರು ಸಾವಿರವನ್ನು ಮೀರಿದೆ. ಗಡಿಯ ಆಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಗಳಲ್ಲಿಯೂ ಗೇರು ತೋಟಗಳಿಗೆ ಇದೇ ಸಿಂಪರಣೆ ನಡೆದಿತ್ತು, ಇದೇ ಸಂಕಟ ಕಂಡಿತು. 1956ರ ಗೆರೆ ವಿಷಕ್ಕೆ ಕಾಣಲಿಲ್ಲವೆನ್ನೋಣ. ಮಲೆಯಾಳದ ಲೇಖಕ ಅಂಬಿಕಾಸುತನ್ ಮಾಂಗಾಡರು 2009ರಲ್ಲಿ ಈ ವಸ್ತುವಿನ ಮೇಲೆ ಬರೆದ ಕಾದಂಬರಿಗೆ ನಮ್ಮ ಊರಿನ ಹೆಸರನ್ನೇ ಇಟ್ಟರು: ‘ಎನ್ಮಕಜೆ’.

ಇದೆಲ್ಲವನ್ನೂ ಆರು ಏಳು ವರ್ಷದ ಮಗುವಿಗೆ ಹೇಗೆ ಹೇಳುವುದು? ಕೆಲವರು ಹೇಳಲೇಬಾರದು ಎನ್ನುತ್ತಾರೆ. ಮಗು ಹೆದರಿ ನೀರು ಕುಡಿಯುವುದನ್ನೇ ಬಿಟ್ಟೀತೆಂದು ಅವರ ಅಂಜಿಕೆ. ಅಂಜಿಕೆಗೆ ಅರ್ಥವಿದೆ. ಆದರೆ ಬಾಧಿತರ ಮಕ್ಕಳು ನಮ್ಮ ತರಗತಿಗಳಲ್ಲಿಯೇ ಇದ್ದಾರೆ, ಅವರ ಅಣ್ಣ ಅಕ್ಕಂದಿರು ಮನೆಯಲ್ಲಿ ಚಾಪೆಯ ಮೇಲಿದ್ದಾರೆ. ಅವರಿಗೆ ಕಥೆ ಗೊತ್ತು, ನೆರೆಯ ಬೆಂಚಿನವರಿಗೆ ಗೊತ್ತಿಲ್ಲ ಎಂಬಂತಾದರೆ ಅದು ಪಿಸುಮಾತಾಗುತ್ತದೆ, ಮನೆತನದ ಶಾಪವೆಂಬ ಕಥೆಯಾಗುತ್ತದೆ. ಹಿಂದೆ ಆ ರೋಗಗಳನ್ನು ದೈವದ ಮುನಿಸೆಂದು ತಿಳಿದವರು ಇದ್ದರಲ್ಲವೆ? ಆದುದರಿಂದ ಮೊದಲ ಎರಡು ತರಗತಿಗಳಲ್ಲಿ ಸುರಂಗದ ಕಥೆಯಷ್ಟೇ ಸಾಕು: ನೀರು ಎಲ್ಲಿಂದ ಬರುತ್ತದೆ, ಗುಡ್ಡದ ಮೇಲೆ ಬಿದ್ದದ್ದು ಕೆಳಗೆ ಹೇಗೆ ಬರುತ್ತದೆ. ಮರಳು, ಜಲ್ಲಿ, ಮುರಕಲ್ಲಿನ ಚೂರುಗಳನ್ನು ತೂತಿನ ತಂಬಿಗೆಯಲ್ಲಿ ತುಂಬಿ ಮೇಲಿನಿಂದ ನೀರು ಹೊಯ್ದು ತೋರಿಸಬಹುದು. ಮೂರು ನಾಲ್ಕನೆಯ ತರಗತಿಗಳಲ್ಲಿ ಅದೇ ತಂಬಿಗೆಯ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಬೇಕು. ಕೆಳಗೆ ಬರುವ ನೀರು ನೋಡಲು ಮೊದಲಿನಂತೆಯೇ ಇರುತ್ತದೆ. ನಾಲಗೆಗೆ ತಾಗಿಸಿದರೆ ಉಪ್ಪು. ನಾಲಗೆಗೂ ತಿಳಿಯದ ಉಪ್ಪುಗಳು ಇವೆಯೆಂದು ಆಗ ಹೇಳಿದರೆ ಮಗು ಒಪ್ಪುತ್ತದೆ, ಹೆದರುವುದಿಲ್ಲ.

ಕುದಿಸಿ ಕುಡಿಯಿರಿ ಎಂಬ ಉಪದೇಶದ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. 1884ರಲ್ಲಿ ರಾಬರ್ಟ್ ಕೋಕ್ ಎಂಬ ಜರ್ಮನ್ ವಿಜ್ಞಾನಿ ಕಲಕತ್ತೆಯ ಒಂದು ಕೆರೆಯಲ್ಲಿ ಕಾಲರಾದ ಸೂಕ್ಷ್ಮಜೀವಿಯನ್ನು ಕಂಡನು. ಅಂಥ ಜೀವಿಗಳಿಗೆ ಕುದಿಸುವುದೇ ತಕ್ಕ ಉಪಾಯ. ಕೀಟನಾಶಕಕ್ಕೆ ಅದು ಉಪಾಯವಲ್ಲ. ನೀರಿನ ಕೇಡು ಒಂದೇ ಬಗೆಯದಲ್ಲ, ಮದ್ದೂ ಒಂದೇ ಅಲ್ಲವೆಂಬುದನ್ನು ಐದನೆಯ ತರಗತಿಯ ಮಗು ಚೆನ್ನಾಗಿಯೇ ಅರಿಯಬಲ್ಲುದು. ಕೇಡು ಮೇಲೆ ಗುಡ್ಡದಲ್ಲಿ ಬಿದ್ದರೆ ಅದನ್ನು ಕೆಳಗೆ ಅಮ್ಮನ ಪಾತ್ರೆಯಲ್ಲಿ ಸರಿಪಡಿಸಲಾಗದು ಎಂಬುದೂ ಅದಕ್ಕೆ ತಿಳಿಯುತ್ತದೆ. ಇದನ್ನು ರಾಜಕೀಯವೆಂದು ಕರೆಯುವವರಿದ್ದರೆ ಕರೆಯಲಿ. 2010ರ ಜುಲಾಯಿ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧವಾದ ಕುಡಿಯುವ ನೀರನ್ನು ಮನುಷ್ಯನ ಹಕ್ಕೆಂದು ಒಪ್ಪಿಕೊಂಡಿದೆ. 1991ರಲ್ಲಿಯೇ ನಮ್ಮ ಸರ್ವೋಚ್ಚ ನ್ಯಾಯಾಲಯ ಮಾಲಿನ್ಯವಿಲ್ಲದ ನೀರು ಬದುಕುವ ಹಕ್ಕಿನೊಳಗೆ ಸೇರಿದುದೆಂದು ಹೇಳಿದೆ.

ಈಗ ಮನೆಮನೆಗೆ ನಲ್ಲಿ ಬರುತ್ತಿದೆ. 2019ರ ಜಲಜೀವನ ಯೋಜನೆಯ ಕೆಲಸದಲ್ಲಿ 2020ರ ಅಕ್ಟೋಬರ 2ರಿಂದ ಶಾಲೆ ಅಂಗನವಾಡಿಗಳನ್ನೂ ಸೇರಿಸಿಕೊಂಡರು. ಕೊಳವೆಬಾವಿಗಳು ಹೆಚ್ಚಿದಂತೆ ಸುರಂಗಗಳ ಧಾರೆ ತೆಳ್ಳಗಾಯಿತು, ಕೊರೆಯಬಲ್ಲವರೂ ಕಡಿಮೆಯಾದರು. ಹಾಗಿರುವಾಗ ಸಮಾಜ ಪಾಠದ ಹೊತ್ತಿನಲ್ಲಿ ಒಂದು ಕೆಲಸ ಮಾಡಿಸಬಹುದು. ಪ್ರತಿ ಮಗುವೂ ತನ್ನ ಮನೆಯ ನೀರಿನ ಭೂಪಟವನ್ನು ಬರೆಯಲಿ: ಸುರಂಗ, ಮದಕ, ತೋಡು, ಬೇಸಗೆಯ ಕಟ್ಟ, ಬಾವಿ, ನಲ್ಲಿ, ಗುಡ್ಡದ ಮೇಲೆ ಏನು ಬೆಳೆದಿದೆ ಎಂಬುದು. ಹೆಸರುಗಳನ್ನು ಮನೆಯ ಮಾತಿನಲ್ಲಿಯೇ ಬರೆಯಲಿ. ತುಳುವಿನ ಮಗು ಗುವೆಲ್ ಎಂದೂ ಕೆದು ಎಂದೂ ಬರೆಯಲಿ, ಮಲೆಯಾಳದ ಮಗು ಕಿಣರ್ ಎನ್ನಲಿ, ಹವ್ಯಕ, ಮರಾಟಿ, ಕೊಂಕಣಿ, ಬ್ಯಾರಿ ಮನೆಗಳ ಮಾತು ಹಾಗೆಯೇ ಬರಲಿ. ಕನ್ನಡ ಶಾಲೆಯೆಂದು ಅವನ್ನು ತಿದ್ದಬೇಕಾಗಿಲ್ಲ. ಕೆಳಗೆ ಮೂರು ಸಾಲು ಬಿಟ್ಟಿರಬೇಕು: ಇದನ್ನು ತೋಡಿಸಿದವರು ಯಾರು, ತೋಡಿದವರು ಯಾರು, ಇದರ ನೀರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವ ವರ್ಷ. ಮೊದಲನೆಯ ಸಾಲನ್ನು ಅಜ್ಜಂದಿರು ಒಡನೆ ತುಂಬಿಸುತ್ತಾರೆ. ಎರಡನೆಯದಕ್ಕೆ ಅಜ್ಜಿಯಂದಿರನ್ನು ಕೇಳಬೇಕು. ಕೆಲಸದವರಿಗೆ ಊಟ ಬಡಿಸಿದವರಿಗೆ ಹೆಸರು ನೆನಪಿರುತ್ತದೆ. ಮೂರನೆಯ ಸಾಲು ಖಾಲಿಯಿದ್ದ ಭೂಪಟಗಳನ್ನೆಲ್ಲ ಬೇರೆ ಕಟ್ಟಿ, ಮಕ್ಕಳ ಸಹಿಯೊಡನೆ ಪಂಚಾಯತಿಗೆ ಕಳುಹಿಸಬೇಕು.